ಇಪ್ಪತ್ತೈದನೇ ಅಂಕಿಯವರೆಗೆ ಬಂದ ಒಂದೇ ಒಂದು ಸಂಖ್ಯೆ

3608528850368400786036725

ಇಪ್ಪತ್ತೈದು ಅಂಕಿಗಳ ಈ ಸಂಖ್ಯೆ ನನಗೆ ಬಾಯಿಪಾಠವಾಗಿದೆ. ದಿನವಿಡೀ ಲೆಕ್ಕಪತ್ರಗಳ ಮುಂದೆ ಕೂರುವ ಕೆಲಸ ನನ್ನದು. ಸಾವಿರಾರು ಅಂಕಿಗಳು ಕಣ್ಣ ಮುಂದೆ ಹಾದುಹೋಗುತ್ತವೆ, ಸಂಜೆಯ ಹೊತ್ತಿಗೆ ಒಂದೂ ತಲೆಯಲ್ಲಿ ಉಳಿದಿರುವುದಿಲ್ಲ. ಇದು ಉಳಿಯಿತು. ಕಂಠಪಾಠ ಮಾಡಲೇಬೇಕು ಅಂತ ಕೂತವಳಲ್ಲ ನಾನು. ಮತ್ತೆ ಮತ್ತೆ ಭಾಗಿಸಿ ನೋಡುತ್ತಾ ನೋಡುತ್ತಾ ಅದೇ ನಾಲಿಗೆಗೆ ಹತ್ತಿಕೊಂಡಿತು.

ಇದರ ಗುಣ ಹೇಳುವುದು ಸುಲಭ. ಎಡಗಡೆಯಿಂದ ಶುರುಮಾಡಿ. ಮೊದಲ ಎರಡು ಅಂಕಿ 36. ಅದು 2ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಮೊದಲ ಮೂರು 360, ಅದು 3ರಿಂದ. ಮೊದಲ ನಾಲ್ಕು 3608; ಅದು 4ರಿಂದ. ಮೊದಲ ಐದು 36085, ಅದು 5ರಿಂದ. ಹೀಗೇ ಒಂದೊಂದೇ ಅಂಕಿ ಸೇರಿಸಿಕೊಳ್ಳುತ್ತಾ ಹೋದರೆ ಆರಾದಾಗ 6ರಿಂದ, ಏಳಾದಾಗ 7ರಿಂದ, ಹದಿಮೂರಾದಾಗ 13ರಿಂದ, ಕೊನೆಗೆ ಇಪ್ಪತ್ತೈದೂ ಸೇರಿದಾಗ 25ರಿಂದ. ನಡುವೆ ಎಲ್ಲೂ ತಪ್ಪುವುದಿಲ್ಲ. ಇಂಥವಕ್ಕೆ ಪಾಲಿಡಿವಿಸಿಬಲ್ ಸಂಖ್ಯೆಗಳು ಎನ್ನುತ್ತಾರೆ. ನಾವು ದಿನಾ ಬಳಸುವ ದಶಮಾನ ಪದ್ಧತಿಯಲ್ಲಿ ಇಂಥವು ಒಟ್ಟು 20,456 ಇವೆ. ಎಲ್ಲಕ್ಕಿಂತ ದೊಡ್ಡದು ಇದೇ. ಇಪ್ಪತ್ತೈದು ಅಂಕಿಯದ್ದು ಇದೊಂದೇ, ಇಪ್ಪತ್ತಾರು ಅಂಕಿಯದ್ದು ಒಂದೂ ಇಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಕೊನೆಯ ಮಾತು. ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲ, ವರ್ಗಸಂಖ್ಯೆಗಳಿಗೆ ಕೊನೆಯಿಲ್ಲ. ಒಂದು ಗುಣವನ್ನು ಹೇಳಿಬಿಟ್ಟರೆ ಅದಿರುವ ಸಂಖ್ಯೆಗಳು ಮುಗಿಯದೆ ಬರುತ್ತಲೇ ಇರುತ್ತವೆ ಅನ್ನುವುದು ನಮಗೆಲ್ಲ ರೂಢಿಯಾಗಿರುವ ಅನುಭವ. ಇಲ್ಲಿ ಹಾಗಲ್ಲ. ಈ ಗುಣ 25 ಅಂಕಿಗೆ ಬಂದು ನಿಂತುಬಿಡುತ್ತದೆ. ಯಾಕೆ ನಿಲ್ಲುತ್ತದೆ, ಅದರಲ್ಲೂ ಇದೇ ಸಂಖ್ಯೆಯಲ್ಲಿ ಯಾಕೆ ನಿಲ್ಲುತ್ತದೆ ಎಂಬುದನ್ನು ಕಾಗದ ಪೆನ್ನಿನಲ್ಲೇ ನೋಡಬಹುದು. ಅದನ್ನು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಪರೀಕ್ಷೆ. ಎಕ್ಸೆಲ್‌ನಲ್ಲಿ ಹಾಕಿ ನೋಡಲು ಹೋಗಬೇಡಿ. ಅದು ಹದಿನೈದು ಅಂಕಿಗಳನ್ನಷ್ಟೇ ಇಟ್ಟುಕೊಂಡು ಉಳಿದವನ್ನೆಲ್ಲ ಸೊನ್ನೆ ಮಾಡುತ್ತದೆ, ಅಲ್ಲಿಗೆ ಕಥೆಯ ಅರ್ಧ ಹೋಯಿತು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಬಂದರೆ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. ಆದರೆ ಕೈಯಲ್ಲಿ ಮಾಡುವುದೇ ಸುಖ, ಅಂದುಕೊಂಡಷ್ಟು ಕಷ್ಟವೂ ಅಲ್ಲ. ಸಮಸ್ಥಾನಗಳಲ್ಲಿ ಇರುವ ಅಂಕಿಗಳನ್ನು ಮಾತ್ರ ಆರಿಸಿ ಬರೆಯಿರಿ: 6, 8, 2, 8, 0, 6, 4, 0, 8, 0, 6, 2. ಒಂದೂ ಬೆಸ ಅಂಕಿಯಿಲ್ಲ. ಇರುವಂತೆಯೂ ಇಲ್ಲ, ಏಕೆಂದರೆ 2, 4, 6, 8 ಮುಂತಾದವುಗಳಿಂದ ಭಾಗವಾಗಬೇಕಾದ ಸಂಖ್ಯೆ ಸಮಸಂಖ್ಯೆಯೇ ಆಗಿರಬೇಕು. ಐದನೇ, ಹತ್ತನೇ, ಹದಿನೈದನೇ, ಇಪ್ಪತ್ತನೇ, ಇಪ್ಪತ್ತೈದನೇ ಅಂಕಿಗಳು 5, 0, 0, 0, 5. ಒಂಬತ್ತು ಅಂಕಿ ಸೇರಿದಾಗ ಮೊತ್ತ 45, ಹದಿನೆಂಟು ಸೇರಿದಾಗ 81. ಎರಡೂ 9ರ ಮಗ್ಗಿಯಲ್ಲಿವೆ. ಶಾಲೆಯಲ್ಲಿ ಕಲಿತ ಭಾಜ್ಯತೆಯ ನಿಯಮಗಳಿಂದಲೇ ಅರ್ಧಕ್ಕಿಂತ ಹೆಚ್ಚು ಪರೀಕ್ಷೆ ಮುಗಿದುಹೋಗುತ್ತದೆ.

7ರ ವಿಷಯಕ್ಕೆ ಬಂದರೆ ಒಂದು ಸೊಗಸಿದೆ. ಮೊದಲ ಏಳು ಅಂಕಿ 7ರಿಂದ ಭಾಗವಾಗುತ್ತವೆ. ಮೊದಲ ಹದಿನಾಲ್ಕು ಅಂಕಿ 14ರಿಂದ ಭಾಗವಾಗುತ್ತವೆ, ಅಂದರೆ 7ರಿಂದಲೂ ಆದಂತಾಯಿತು. ಹಾಗಿದ್ದ ಮೇಲೆ ಎಂಟರಿಂದ ಹದಿನಾಲ್ಕರವರೆಗಿನ ಏಳು ಅಂಕಿಗಳನ್ನು ಪ್ರತ್ಯೇಕ ಸಂಖ್ಯೆಯಾಗಿ ಓದಿದರೆ ಅದೂ 7ರಿಂದ ಭಾಗವಾಗಲೇಬೇಕು. ಹದಿನೈದರಿಂದ ಇಪ್ಪತ್ತೊಂದರವರೆಗಿನದೂ ಹಾಗೆಯೇ. ಕತ್ತರಿಸಿ ನೋಡಿ: 3608528, 8503684, 0078603. ಮೊದಲನೆಯದು 7 × 515504, ಎರಡನೆಯದು 7 × 1214812, ಮೂರನೆಯದು 7 × 11229. ಇದೇ ಸಂಖ್ಯೆಯನ್ನು ಆರಾರು ಅಂಕಿಗೆ ಕತ್ತರಿಸಿದರೆ 360852, 885036, 840078, 603672. ನಾಲ್ಕೂ 6ರಿಂದ ಭಾಗವಾಗುತ್ತವೆ. ಎಂಟೆಂಟಕ್ಕೆ ಕತ್ತರಿಸಿದರೆ 36085288, 50368400, 78603672, ಮೂರೂ 8ರಿಂದ. ಹನ್ನೊಂದಕ್ಕೆ ಕತ್ತರಿಸಿದರೆ 36085288503 ಮತ್ತು 68400786036, ಎರಡೂ 11ರಿಂದ. ಯಾವ ಅಳತೆಯ ತುಂಡು ಮಾಡಿದರೂ, ಪೂರ್ತಿಯಾದ ಪ್ರತಿಯೊಂದು ತುಂಡೂ ಆ ಅಳತೆಯಿಂದ ಭಾಗವಾಗುತ್ತದೆ. ಒಂದೇ ಸಾಲಿನ ಅಂಕಿಗಳು ಇಷ್ಟೊಂದು ಬಗೆಯ ಕತ್ತರಿಗೆ ಒಗ್ಗಿಕೊಂಡು ಕೂತಿರುವುದನ್ನು ಮೊದಲ ಸಲ ಕಂಡಾಗ ನನಗೆ ಆದ ಸಂತೋಷ ಇವತ್ತಿಗೂ ಕಡಿಮೆಯಾಗಿಲ್ಲ.

17, 19, 23 ಇವಕ್ಕೆ ಮಾತ್ರ ಅಡ್ಡದಾರಿ ಇಲ್ಲ. ಶೇಷವನ್ನು ಹಿಡಿದುಕೊಂಡು ಒಂದೊಂದೇ ಅಂಕಿ ಇಳಿಸುತ್ತಾ ಹೋಗಬೇಕು. 23ರದ್ದನ್ನು ಮಾಡಿ ತೋರಿಸುತ್ತೇನೆ, ಅದು ನನಗೆ ತುಂಬಾ ಇಷ್ಟ. 36ನ್ನು 23ರಿಂದ ಭಾಗಿಸಿದರೆ ಶೇಷ 13. ಮುಂದಿನ ಅಂಕಿ 0 ಇಳಿಸಿದರೆ 130, ಶೇಷ 15. ಮುಂದೆ 8 ಇಳಿಸಿದರೆ 158, ಶೇಷ 20. ಹೀಗೆ ಸಾಗಿದರೆ ಶೇಷಗಳ ಸಾಲು ಇದು: 13, 15, 20, 21, 5, 12, 13, 20, 16, 2, 3, 15, 16, 22, 13, 22, 21, 9, 21, 6, 20. ಇಲ್ಲಿಗೆ ಇಪ್ಪತ್ತೆರಡು ಅಂಕಿ ಮುಗಿಯಿತು. ಈ ಸಾಲಿನಲ್ಲಿ ಯಾವ ಲಯವೂ ಇಲ್ಲ, ಎಲ್ಲೂ ಸೊನ್ನೆ ಇಲ್ಲ. ಈಗ ಇಪ್ಪತ್ತಮೂರನೇ ಅಂಕಿ 7 ಇಳಿಸಿ. 207 ಆಯಿತು. 23 × 9 = 207. ಶೇಷ ಸೊನ್ನೆ!

ಆ ಜಾಗದಲ್ಲಿ 7 ಬಿಟ್ಟು ಬೇರೆ ಯಾವ ಅಂಕಿ ಇದ್ದರೂ ನಡೆಯುತ್ತಿರಲಿಲ್ಲ. 200ರಿಂದ 209ರ ನಡುವೆ 23ರ ಅಪವರ್ತ್ಯ ಇರುವುದು ಒಂದೇ. ಅದೂ ಇಲ್ಲದೇ ಹೋಗಬಹುದಿತ್ತು. ಹಿಂದಿನ ಶೇಷ 20ರ ಬದಲು 21 ಆಗಿದ್ದಿದ್ದರೆ 210ರಿಂದ 219ರ ನಡುವೆ 23ರ ಅಪವರ್ತ್ಯವೇ ಇಲ್ಲ, ಸಂಖ್ಯೆ ಅಲ್ಲೇ ಮುಗಿಯುತ್ತಿತ್ತು.

ಇಲ್ಲಿಂದ ಮುಖ್ಯ ವಿಷಯಕ್ಕೆ ಬರೋಣ. ಹತ್ತನೇ ಹಂತದಿಂದ ಮೇಲೆ ಆಯ್ಕೆ ಎನ್ನುವುದೇ ಇಲ್ಲ. ಹತ್ತನೇ ಅಂಕಿ ಸೊನ್ನೆಯೇ ಆಗಬೇಕು. ಹನ್ನೊಂದನೇ ಹಂತದಲ್ಲಿ 11ರ ಅಪವರ್ತ್ಯಗಳು ಹನ್ನೊಂದು ಹೆಜ್ಜೆಗೊಂದು ಬರುತ್ತವೆ, ನಮ್ಮ ಕೈಯಲ್ಲಿರುವ ಅಂಕಿಗಳು ಹತ್ತೇ. ಹಾಗಾಗಿ ಹೊಂದುವ ಅಂಕಿ ಒಂದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಎರಡು ಇರಲು ಸಾಧ್ಯವಿಲ್ಲ. ಹನ್ನೆರಡಕ್ಕೂ ಹೀಗೇ, ಇಪ್ಪತ್ತನಾಲ್ಕಕ್ಕೂ ಹೀಗೇ. ಅಂದರೆ ಮೊದಲ ಒಂಬತ್ತು ಅಂಕಿ 360852885 ಎಂದು ಬರೆದ ಕ್ಷಣವೇ ಉಳಿದ ಹದಿನಾರು ಅಂಕಿಗಳೂ ನಿಗದಿಯಾಗಿಬಿಟ್ಟಿವೆ. ಇಪ್ಪತ್ತೈದು ಅಂಕಿಯ ಸಂಖ್ಯೆ ಅಂತ ನಾವು ಕರೆಯುವುದು ನಿಜವಾಗಿ ಒಂಬತ್ತು ಅಂಕಿಯ ಒಂದು ಬೀಜ.

ಒಂಬತ್ತೂ ಬೇಕಿಲ್ಲ. ಎಂಟು ಅಂಕಿಗಳ ಮೊತ್ತ 40 ಆದ್ದರಿಂದ ಒಂಬತ್ತನೆಯದು 5 ಆಗಲೇಬೇಕಿತ್ತು. ಕೊನೆಯ ಆಯ್ಕೆ ಸಿಕ್ಕಿದ್ದು ಎಂಟನೇ ಅಂಕಿಯಲ್ಲಿ. 3608528ರ ಮುಂದೆ 8 ಬರೆದರೂ ಸರಿ, 0 ಬರೆದರೂ ಸರಿ. 288, 280 ಎರಡೂ 8ರಿಂದ ಭಾಗವಾಗುತ್ತವೆ. ನಮ್ಮ ಸಂಖ್ಯೆಯಲ್ಲಿ ಇರುವುದು 8. ಅದರ ಬದಲು 0 ಬರೆದರೆ ಏನಾಗುತ್ತಿತ್ತು? ನಾನು ಮಾಡಿ ನೋಡಿದೆ. ಒಂಬತ್ತನೆಯದು 4, ಹತ್ತನೆಯದು 0, ಆಮೇಲೆ 7, 2, 8, 8, 5 ಎಂದು ಸರಾಗವಾಗಿಯೇ ಹೋಗುತ್ತದೆ. ಹದಿನೈದು ಅಂಕಿಗೆ 360852804072885 ಆಯಿತು. ಹದಿನಾರನೇ ಅಂಕಿ ಹಾಕಬೇಕು. ಕೊನೆಯ ನಾಲ್ಕು ಅಂಕಿಗಳು 16ರಿಂದ ಭಾಗವಾದರೆ ಸಾಕು, ಅಂದರೆ 8850ರಿಂದ 8859ರೊಳಗೆ 16ರ ಒಂದು ಅಪವರ್ತ್ಯ ಬೇಕು. 16ರ ಅಪವರ್ತ್ಯಗಳು 8848, ಆಮೇಲೆ 8864. ನಡುವೆ ಇಲ್ಲ. ದಾರಿ ಮುಚ್ಚಿತು. ಎಂಟನೇ ಅಂಕಿಯಲ್ಲಿ 8ರ ಕಡೆ ತಿರುಗಿದ ಸಂಖ್ಯೆ 25ರವರೆಗೆ ಹೋಯಿತು, 0ಯ ಕಡೆ ತಿರುಗಿದ್ದು 15ಕ್ಕೆ ನಿಂತಿತು.

ಬೀಜ ನೋಡಿ ಆಯುಸ್ಸು ಹೇಳಲಾಗುವುದಿಲ್ಲ ಅನ್ನುವುದಕ್ಕೆ ಇನ್ನೆರಡನ್ನು ಹೇಳುತ್ತೇನೆ. 987654564 ನೋಡಲು ಎಷ್ಟು ಠೀವಿಯಿಂದಿದೆ! 9ರಿಂದ 4ರವರೆಗೆ ಒಂದೊಂದೇ ಮೆಟ್ಟಿಲು ಇಳಿಯುತ್ತದೆ, ಮೊದಲ ಎಂಟು ಅಂಕಿಗಳನ್ನು 8ರಿಂದ ಭಾಗಿಸಿದರೆ 12345682 ಬರುತ್ತದೆ. ಮುಂದೆ 0, ಆಮೇಲೆ 5 ಸೇರಿ 98765456405 ಆಗುತ್ತದೆ. ಹನ್ನೆರಡನೇ ಅಂಕಿಗೆ ಬಂದಾಗ 3ರ ನಿಯಮ 1, 4 ಅಥವಾ 7 ಕೇಳುತ್ತದೆ, 4ರ ನಿಯಮ 2 ಅಥವಾ 6 ಕೇಳುತ್ತದೆ. ಎರಡಕ್ಕೂ ಒಪ್ಪುವ ಅಂಕಿ ಇಲ್ಲ. ಹನ್ನೊಂದಕ್ಕೇ ಮುಗಿಯಿತು.

ಇನ್ನೊಂದು 381654729. 1ರಿಂದ 9ರವರೆಗಿನ ಎಲ್ಲ ಅಂಕಿಗಳನ್ನೂ ಒಂದೊಂದೇ ಸಲ ಬಳಸಿ ಈ ಗುಣದ ಸಂಖ್ಯೆ ಮಾಡಿ ಎಂದರೆ ಉತ್ತರ ಇದೊಂದೇ. ಒಗಟು ಪ್ರಿಯರಿಗೆಲ್ಲ ಪರಿಚಿತ. ಅವರು ಸಾಮಾನ್ಯವಾಗಿ ಒಂಬತ್ತನೇ ಅಂಕಿಗೆ, ಹೆಚ್ಚೆಂದರೆ ಸೊನ್ನೆ ಸೇರಿಸಿ ಹತ್ತನೆಯದಕ್ಕೆ ನಿಲ್ಲಿಸುತ್ತಾರೆ. ಆದರೆ ಅದಕ್ಕೆ ಇನ್ನೂ ಉಸಿರಿದೆ: ಹನ್ನೊಂದನೆಯದು 6, ಹನ್ನೆರಡನೆಯದು 0, ಹದಿಮೂರನೆಯದು 8. 3816547290608. ಹದಿನಾಲ್ಕನೆಯದರಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. 7ರಿಂದ ಭಾಗವಾಗಬೇಕಾದರೆ 5 ಹಾಕಬೇಕು, 2ರಿಂದ ಭಾಗವಾಗಬೇಕಾದರೆ ಸಮ ಅಂಕಿ ಹಾಕಬೇಕು.

ಒಂದೊಂದು ಬೀಜದ ಹಣೆಬರಹ ಹೀಗಾದರೆ, ಎಲ್ಲವನ್ನೂ ಒಟ್ಟಿಗೆ ನೋಡಿದಾಗ ಕಾಣುವ ಚಿತ್ರವೇ ಬೇರೆ. ಒಂದು ಅಂಕಿಯವು 9. ಎರಡು ಅಂಕಿಯವು 45. ಮೂರರವು 150, ಆಮೇಲೆ 375, 750, 1200, 1713, 2227. ಒಂಬತ್ತು ಅಂಕಿಗೆ 2492. ಹತ್ತು ಅಂಕಿಗೂ ಸರಿಯಾಗಿ 2492, ಯಾಕೆಂದರೆ ಎಲ್ಲವಕ್ಕೂ ಒಂದು ಸೊನ್ನೆ ಅಂಟಿಸುವುದಷ್ಟೇ ಕೆಲಸ. ಅಲ್ಲಿಂದ ಇಳಿಜಾರು: 2225, 2041, 1575, 1132, 770, 571, 335, 180, 90. ಇಪ್ಪತ್ತು ಅಂಕಿಯವು 44. ಆಮೇಲೆ 18, 12, 6, 3, ಕೊನೆಗೆ 1.

ಈ ಏರಿಳಿತದ ಕಾರಣ ಸರಳ. ಪ್ರತಿ ಹಂತದಲ್ಲೂ ಹತ್ತು ಅಂಕಿಗಳನ್ನು ಅಂಟಿಸಿ ನೋಡುತ್ತೇವೆ. ಐದನೇ ಹಂತದಲ್ಲಿ ಐದಕ್ಕೊಂದು ಪಾಸಾಗುತ್ತದೆ, ಆದ್ದರಿಂದ ಸಂಖ್ಯೆ ಎರಡುಪಟ್ಟು ಆಗುತ್ತದೆ. 375 ಸರಿಯಾಗಿ 750 ಆದದ್ದು ಹಾಗೆ. ಇಪ್ಪತ್ತನೇ ಹಂತದಲ್ಲಿ ಇಪ್ಪತ್ತಕ್ಕೊಂದು ಪಾಸಾಗುತ್ತದೆ, ಆದ್ದರಿಂದ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. 90 ಇದ್ದದ್ದು 44 ಆಯಿತು. ಗುಣಿಸುವ 10 ಯಾವಾಗಲೂ 10 ಆಗಿಯೇ ಇರುತ್ತದೆ, ಭಾಗಿಸುವುದು ಮಾತ್ರ ದಿನದಿಂದ ದಿನಕ್ಕೆ ಬಲಿಯುತ್ತದೆ. ಒಂಬತ್ತು ಹಂತಗಳ ಅಂದಾಜು ಹಾಕಿದರೆ 9 × 10,00,00,000ವನ್ನು 9ರ ಫ್ಯಾಕ್ಟೋರಿಯಲ್, ಅಂದರೆ 1ರಿಂದ 9ರವರೆಗಿನ ಎಲ್ಲವನ್ನೂ ಗುಣಿಸಿದಾಗ ಬರುವ 3,62,880ರಿಂದ ಭಾಗಿಸಬೇಕು. ಉತ್ತರ ಸುಮಾರು 2480. ನಿಜವಾಗಿ ಇರುವುದು 2492. ಇಷ್ಟು ಒರಟು ಅಂದಾಜು ಇಷ್ಟು ಹತ್ತಿರ ಬರುತ್ತದೆ!

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಈ ಅಂದಾಜುಗಳನ್ನೆಲ್ಲ ಕೂಡಿಸಿದರೆ 10/1, 100/2, 1000/6, 10000/24 ಎಂದು ಸಾಗುವ ಶ್ರೇಣಿ ಸಿಗುತ್ತದೆ, ಪ್ರತಿಯೊಂದನ್ನೂ 9/10ರಿಂದ ಗುಣಿಸಬೇಕು. ಈ ಶ್ರೇಣಿಯನ್ನು ಪಿಯುಸಿಯಲ್ಲಿ ಓದಿದವರಿಗೆ ಗುರುತು ಸಿಗಬಹುದು. ಅದರ ಮೊತ್ತ, 2.71828… ಎಂಬ ಆಯ್ಲರನ ಸ್ಥಿರಾಂಕದ ಹತ್ತನೇ ಘಾತದಿಂದ ಒಂದು ಕಳೆದಷ್ಟು. 22025 ಚಿಲ್ಲರೆ. ಅದರ ಹತ್ತರಲ್ಲಿ ಒಂಬತ್ತು ಪಾಲು ಸುಮಾರು 19,823. ನಿಜವಾದ ಲೆಕ್ಕ 20,456. ಬರೀ ಭಾಗಾಕಾರದ ಒಂದು ನಿಯಮ, ಅದರಲ್ಲಿ ವಕ್ರರೇಖೆಯಿಲ್ಲ, ಚಕ್ರಬಡ್ಡಿಯಿಲ್ಲ. ಆದರೂ ಆ ಸ್ಥಿರಾಂಕ ಇಲ್ಲಿಗೂ ಬಂದಿದೆ. ಶ್ರೇಣಿಯ ಹಿಂದಿನ ತರ್ಕ ಗೊತ್ತಿದ್ದೂ ನನಗೆ ಇದು ಪ್ರತಿ ಸಲವೂ ರೋಮಾಂಚನ ಕೊಡುತ್ತದೆ.

ಇದೇ ಅಂದಾಜಿನ ಪ್ರಕಾರ 24 ಅಂಕಿಯವು ಒಂದೂವರೆಯ ಆಸುಪಾಸು, 25 ಅಂಕಿಯವು ಅರ್ಧಕ್ಕಿಂತ ಸ್ವಲ್ಪ ಮೇಲೆ. ಅಂದರೆ 25ಕ್ಕೆ ಒಂದು ಇದ್ದರೂ ಇರಬಹುದು, ಇಲ್ಲದಿದ್ದರೂ ಆಶ್ಚರ್ಯವಿಲ್ಲ. ಇದೆ ಅನ್ನುವುದು ನಮ್ಮ ಪುಣ್ಯ.

24ಕ್ಕೆ ತಲುಪಿದವು ಮೂರು:

144408645048225636603816
360852885036840078603672
402852168072900828009216

ಮೂರನ್ನೂ ನಾನು ನೋಟ್‌ಬುಕ್ಕಿನಲ್ಲಿ ಮೊದಲಿನಿಂದ ಕೊನೆಯವರೆಗೆ ಭಾಗಿಸಿದ್ದೇನೆ. 17ರ ಬಾಗಿಲು, 19ರ ಬಾಗಿಲು, 23ರ ಬಾಗಿಲು ಮೂರೂ ದಾಟಿವೆ. ಇನ್ನು ಉಳಿದದ್ದು 25, ಅದು ಎಲ್ಲಕ್ಕಿಂತ ಸುಲಭದ ನಿಯಮ: ಕೊನೆಯ ಎರಡು ಅಂಕಿ 00, 25, 50 ಅಥವಾ 75 ಆಗಿರಬೇಕು. ಮೊದಲನೆಯದು 6ರಲ್ಲಿ ಮುಗಿಯುತ್ತದೆ, ಮೂರನೆಯದೂ 6ರಲ್ಲಿ ಮುಗಿಯುತ್ತದೆ. 6ರ ಮುಂದೆ ಏನು ಬರೆದರೂ ಅರವತ್ತರ ಮನೆಯ ಸಂಖ್ಯೆಯೇ ಆಗುತ್ತದೆ, ಅಲ್ಲಿ 25ರ ಅಪವರ್ತ್ಯ ಇಲ್ಲ. ನಡುವಿನದು 2ರಲ್ಲಿ ಮುಗಿಯುತ್ತದೆ. 2ರ ಮುಂದೆ 5 ಬರೆದರೆ ಆಯಿತು. ಇಪ್ಪತ್ತನಾಲ್ಕು ಅಂಕಿಯವರೆಗೆ ಜೊತೆಯಲ್ಲೇ ಬಂದ ಮೂರರಲ್ಲಿ ಒಂದು ಮಾತ್ರ ದಾಟಿದ್ದು, ಅದರ ಕೊನೆಯ ಅಂಕಿ 2 ಆಗಿದ್ದರಿಂದ.

ಇನ್ನು 26. ಅದು 13 × 2. ಮೊದಲ ಹದಿಮೂರು ಅಂಕಿಗಳು 13ರಿಂದ ಭಾಗವಾಗುವುದರಿಂದ ಅವನ್ನು ಬಿಟ್ಟು ಉಳಿದ ಹನ್ನೆರಡನ್ನು ನೋಡಿದರೆ ಸಾಕು: 400786036725. 1001 ಎಂಬುದು 13ರ ಅಪವರ್ತ್ಯ, ಹಾಗಾಗಿ ಮೂರು ಮೂರು ಅಂಕಿ ತೆಗೆದುಕೊಂಡು ಒಂದು ಬಿಟ್ಟು ಒಂದನ್ನು ಕೂಡಿಸಿ ಕಳೆಯಬಹುದು. 725 − 36 + 786 − 400 = 1075. 13ರಿಂದ ಭಾಗಿಸಿದರೆ ಶೇಷ 9. ಹೊಸ ಅಂಕಿಗೆ ಜಾಗ ಮಾಡಲು ಹತ್ತರಿಂದ ಗುಣಿಸಿದರೆ 90, ಅದರ ಶೇಷ 12. ಅದನ್ನು 13 ಮಾಡಲು 1 ಬೇಕು. 1 ಹಾಕಿದರೆ ಸಂಖ್ಯೆ ಬೆಸ, 2ರಿಂದ ಭಾಗವಾಗದು. 381654729ರ ಹಾದಿಗೆ 7 ಮತ್ತು 2 ಸೇರಿ ಅಡ್ಡ ಬಂದಂತೆಯೇ ಇಲ್ಲಿ 13 ಮತ್ತು 2 ಸೇರಿ ಅಡ್ಡ ಬಂದವು.

ಇಷ್ಟು ಭಾಜಕಗಳನ್ನು ಸರದಿಯಲ್ಲಿ ಒಪ್ಪಿಸಿಕೊಂಡು ಬಂದ ಸಂಖ್ಯೆ ಇಡಿಯಾಗಿ ಎಷ್ಟರಿಂದ ಭಾಗವಾಗುತ್ತದೆ ಎಂದು ನೋಡುವ ಆಸೆ ಸಹಜವಾಗಿಯೇ ಬರುತ್ತದೆ. ಇದು ಬೆಸಸಂಖ್ಯೆ, ಹಾಗಾಗಿ 2 ಇಲ್ಲ. ಅಂಕಿಗಳ ಮೊತ್ತ 110, ಹಾಗಾಗಿ 3 ಇಲ್ಲ. 7ರಿಂದ ಭಾಗಿಸಿದರೆ ಶೇಷ 5, 11ರಿಂದ 10, 13ರಿಂದ 9, 17ರಿಂದ 14, 19ರಿಂದ 17, 23ರಿಂದ 2. ದಾರಿಯಲ್ಲಿ ಪ್ರತಿಯೊಂದಕ್ಕೂ ತಲೆಬಾಗಿದ ಸಂಖ್ಯೆ, ಪೂರ್ತಿಯಾದಾಗ 23ರವರೆಗಿನ ಅವಿಭಾಜ್ಯ ಸಂಖ್ಯೆಗಳಲ್ಲಿ 5ಕ್ಕೆ ಮಾತ್ರ ಒಗ್ಗುತ್ತದೆ. ಕೊನೆಯ ಹಂತ ಕೇಳಿದ 25ರಿಂದ ಭಾಗಿಸಿದರೆ ಬರುವುದು 144341154014736031441469. ಅದು 9ರಲ್ಲಿ ಮುಗಿಯುವುದರಿಂದ ಇನ್ನೊಂದು 5 ಕೂಡ ಅದರಲ್ಲಿ ಇಲ್ಲ.